ಒಂದೇ ಮಜ್ದಾ, ಎರಡು ಹರಾಜು

ಅಮೆರಿಕದಲ್ಲಿರುವ ನನ್ನ ಗ್ಯಾರೇಜಿನಲ್ಲಿ ಈಗ ಉಳಿದಿರುವುದು 1991ರ ಕೆಂಪು ಮಿಯಾಟಾ ಒಂದೇ. ಅದರ ಮಗ್ಗುಲಲ್ಲಿ ನಿಂತಿದ್ದ 1990ರ ಹಸಿರು ಯೂನೋಸ್ ರೋಡ್‌ಸ್ಟರನ್ನು ಕಳೆದ ವರ್ಷ ಮಾರಿಬಿಟ್ಟೆ. ಹೆಸರು ಬೇರೆಯಾದರೂ ಎರಡೂ ಒಂದೇ ಕಾರು. 1989ರಲ್ಲಿ ಮಜ್ದಾ ಹೊರತಂದ ಎರಡು ಸೀಟಿನ ಈ ಪುಟ್ಟ ಕಾರನ್ನು ಅಮೆರಿಕದಲ್ಲಿ ಮಿಯಾಟಾ ಎಂದು ಮಾರಿದರೆ, ಜಪಾನಿನಲ್ಲಿ ಯೂನೋಸ್ ಎಂಬ ತನ್ನದೇ ಮಾರಾಟ ಮಳಿಗೆಗಳ ಹೆಸರಿನಲ್ಲಿ ಮಾರಿತು. ಕೆಂಪು ಕಾರನ್ನು ನಾನು ಕೊಂಡದ್ದು ಅಮೆರಿಕದ ಆನ್‌ಲೈನ್ ಹರಾಜು ತಾಣವಾದ ಬ್ರಿಂಗ್ ಎ ಟ್ರೇಲರ್‌ನಲ್ಲಿ. ಹಸಿರು ಕಾರನ್ನು ಜಪಾನಿನ ಡೀಲರುಗಳ ಹರಾಜಿನಲ್ಲಿ, ಒಬ್ಬ ರಫ್ತು ಏಜೆಂಟರ ಮೂಲಕ. ಮನೆಯಂಗಳಕ್ಕೆ ಬರುವ ಹೊತ್ತಿಗೆ ಎರಡಕ್ಕೂ ತಗುಲಿದ ಹಣ ಹೆಚ್ಚುಕಡಿಮೆ ಒಂದೇ. ಹಾಗಿದ್ದರೂ ಮತ್ತೊಮ್ಮೆ ಕೊಳ್ಳುವ ಪ್ರಸಂಗ ಬಂದರೆ ಎರಡು ಮಾತಿಲ್ಲದೆ ಅಮೆರಿಕದ ಹರಾಜಿಗೇ ಹೋಗುತ್ತೇನೆ.

ಮೊದಲು ಮರುಳಾದದ್ದು ಮಾತ್ರ ಯೂನೋಸ್‌ಗೆ. 1990ರಲ್ಲಿ ಜಪಾನಿನಲ್ಲಿ ವಿ-ಸ್ಪೆಷಲ್ ಎಂಬ ಮಾದರಿ ಬಂದಿತ್ತು: ಗಾಢ ಹಸಿರು ಬಣ್ಣ, ಒಳಗೆ ಕಂದು ಚರ್ಮದ ಸೀಟು, ನಾರ್ಡಿ ಕಂಪನಿಯ ಮರದ ಸ್ಟಿಯರಿಂಗ್, ಮರದ್ದೇ ಗೇರ್ ಗುಬ್ಬಿ. ಇಪ್ಪತ್ತೈದು ವರ್ಷ ತುಂಬಿದ ಕಾರು ಅಮೆರಿಕದ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಪಡೆಯುವುದರಿಂದ ಅದನ್ನು ತರಿಸಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಆಗ ಆಮದು ಸುಂಕ ಶೇಕಡಾ 2.5 ಮಾತ್ರ ಇತ್ತು. 2023ರ ಆರಂಭದಲ್ಲಿ ಯೆನ್ ಅಗ್ಗವಾಗಿತ್ತು. ಇಷ್ಟು ಸಮರ್ಥನೆ ಸಿಕ್ಕ ಮೇಲೆ ಮನುಷ್ಯನನ್ನು ತಡೆಯುವವರು ಯಾರು?

ಜಪಾನಿನ ಹರಾಜಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಸದಸ್ಯ ಡೀಲರುಗಳಿಗಷ್ಟೇ. ಚಿಬಾ ಪ್ರಾಂತದ ನೋಡಾದಲ್ಲಿ ಪ್ರತಿ ಗುರುವಾರ ನಡೆಯುವ ಯುಎಸ್‌ಎಸ್ ಟೋಕಿಯೋದಂಥ ದೊಡ್ಡ ಹರಾಜಿನಲ್ಲಿ ಒಂದೇ ದಿನ ಸಾವಿರಾರು ಕಾರುಗಳು ಕೈ ಬದಲಿಸುತ್ತವೆ. ಒಂದು ಕಾರಿಗೆ ಸಿಗುವ ಸಮಯ ನಿಮಿಷದೊಳಗೆ. ದೂರದಲ್ಲಿರುವ ನಮಗೆ ಸಿಗುವುದು ನಾಲ್ಕಾರು ಫೋಟೋ ಮತ್ತು ಒಂದು ಪುಟದ ಪರಿಶೀಲನಾ ಹಾಳೆ. ಹಾಳೆಯ ಮೇಲೆ ಕಾರಿನ ರೇಖಾಚಿತ್ರ, ಅದರ ಮೇಲೆ ಅಲ್ಲಲ್ಲಿ ಅಕ್ಷರಗಳು: ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯು ಎಂದರೆ ರಿಪೇರಿಯ ಗುರುತು, ಎಸ್ ಎಂದರೆ ತುಕ್ಕು, ಸಿ ಎಂದರೆ ತುಕ್ಕು ತಿಂದುಹಾಕಿದ ತಗಡು. ಶಿರಸಿಯ ಕಡೆ ಅಡಿಕೆ ರಾಶಿಗೆ ಕೈ ಹಾಕಿ, ಹೋಳು ಮಾಡಿ ನೋಡಿ ದರ ಬರೆಯುವವರ ನಡುವೆ ಬೆಳೆದ ನಾನು ಒಂದು ಹಾಳೆಯನ್ನು ನಂಬಿ 7,20,000 ಯೆನ್ ಕೂಗಿಸಿದೆ.

ನನ್ನ ಕಾರಿನ ಒಟ್ಟು ಸ್ಥಿತಿಗೆ ಕೊಟ್ಟ ದರ್ಜೆ 3.5, ಒಳಾಂಗಣಕ್ಕೆ ಕೊಟ್ಟ ದರ್ಜೆ ಸಿ, ಎರಡೂ ಮಧ್ಯಮ. ಎಸ್ ಗುರುತು ಎಲ್ಲಿಯೂ ಇರಲಿಲ್ಲ. ಆದರೆ ಹಾಳೆಯ ಕೆಳತುದಿಯಲ್ಲಿ ಪರಿಶೀಲಕರು ಪೆನ್ನಿನಲ್ಲಿ ಗೀಚಿದ ಒಂದು ಸಾಲಿತ್ತು, ‘ಶಿತಾಮಾವಾರಿ ಸಾಬಿ’ ಎಂದು. ಅಡಿಭಾಗದಲ್ಲಿ ತುಕ್ಕು ಎಂದರ್ಥ. ಏಜೆಂಟರು ಕಳಿಸಿದ ಅನುವಾದದಲ್ಲಿ ಆ ಸಾಲು ‘ವಯಸ್ಸಿಗೆ ತಕ್ಕ ಸ್ಥಿತಿ’ ಎಂದಾಗಿತ್ತು. ಈ ಕಾರಿನ ಬಟ್ಟೆ ಚಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಎರಡು ಕೊಳವೆಗಳ ಮೂಲಕ ಕೆಳಗಿಳಿದು ಹೋಗಬೇಕು. ಅಡಿಕೆ ದಂಬೆಯಲ್ಲಿ ತರಗೆಲೆ ಕಟ್ಟಿಕೊಂಡಂತೆ ಅಲ್ಲಿ ಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಟೊಳ್ಳು ತಗಡಿನೊಳಗೆ ನಿಂತು, ಹೊರಗೆ ಬಣ್ಣ ಮಿರುಗುತ್ತಿರುವಾಗಲೇ ಒಳಗಿನಿಂದ ತಿನ್ನುತ್ತಾ ಬರುತ್ತದೆ. ಬಂದರಿನಿಂದ ಬಂದ ವಾರ, ಹಿಂಗಾಲಿಯ ಮುಂದಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಹಳೆಯ ಹಪ್ಪಳದಂತೆ ಒಳಗೆ ಹೋಯಿತು. ಕತ್ತರಿಸಿ ಹೊಸ ತಗಡು ಬೆಸೆಸಲು 2,600 ಡಾಲರ್ ತೆತ್ತೆ.

ತುಕ್ಕನ್ನಾದರೂ ಕ್ಷಮಿಸಬಹುದು, ಅದು ಕಣ್ಣಿಗೆ ಕಾಣುತ್ತದೆ, ದುಡ್ಡು ಕೊಟ್ಟರೆ ಹೋಗುತ್ತದೆ. ನನ್ನ ಐದು ತಿಂಗಳನ್ನು ತಿಂದದ್ದು ಕಾರಿನ ನಂಬರು.

ಅಮೆರಿಕದಲ್ಲಿ 1981ರ ಮಾದರಿಯಿಂದೀಚೆಗೆ ಪ್ರತಿ ಕಾರಿಗೂ ಹದಿನೇಳು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಜಪಾನಿನೊಳಗೆ ಮಾರಲು ತಯಾರಾದ ಕಾರಿಗೆ ಅದಿಲ್ಲ. ನನ್ನದರ ಸಂಖ್ಯೆಯೆಂದರೆ ಎನ್‌ಎ6ಸಿಇ ಎಂಬ ಐದು ಗುರುತು, ಒಂದು ಅಡ್ಡಗೆರೆ, ಆಮೇಲೆ ಆರು ಅಂಕಿ. ಕಸ್ಟಮ್ಸ್ ಕಾಗದದಲ್ಲಿ ಅದು ಅಡ್ಡಗೆರೆಯ ಸಮೇತ ಸರಿಯಾಗಿಯೇ ಬಂತು. ವಿಮೆಯವರ ಕಂಪ್ಯೂಟರಿಗೆ ಹದಿನೇಳಕ್ಕಿಂತ ಕಡಿಮೆ ಹಿಡಿಸದ ಕಾರಣ ಫೋನಿನಲ್ಲಿದ್ದ ಹೆಣ್ಣುಮಗಳು ಮುಂದೆ ಆರು ಸೊನ್ನೆ ಸೇರಿಸಿದಳು. ಜಪಾನಿನ ರಫ್ತು ಪ್ರಮಾಣಪತ್ರವನ್ನು ಇಂಗ್ಲಿಷಿಗೆ ಅನುವಾದಿಸಿದವರು ‘ಸಿ’ಯನ್ನು ‘ಜಿ’ ಎಂದು ಬೆರಳಚ್ಚಿಸಿದ್ದರು. ನೋಂದಣಿ ಕಚೇರಿಯವರು ಅದನ್ನೇ ನೋಡಿ ಅಡ್ಡಗೆರೆ ತೆಗೆದು ಮಾಲೀಕತ್ವದ ಪತ್ರ ಮುದ್ರಿಸಿದರು. ಹೀಗೆ ಒಂದು ಕಾರಿಗೆ ಮೂರು ಕಾಗದ, ಮೂರರಲ್ಲೂ ಮೂರು ನಂಬರು.

ತಿದ್ದುಪಡಿಗೆ ಹೋದರೆ ಕಿಟಕಿಯಾಚೆಯವರು ಕಾರನ್ನೇ ತನ್ನಿ ಎಂದರು. ಆದರೆ ಪತ್ರ ಸರಿಯಾಗುವವರೆಗೆ ಕಾರನ್ನು ರಸ್ತೆಗಿಳಿಸುವಂತಿಲ್ಲ. ಟ್ರಕ್ಕಿನ ಮೇಲೆ ಹೇರಿಸಿಕೊಂಡು ಹೋದೆ. ಪರಿಶೀಲಿಸಲು ಬಂದ ಅಧಿಕಾರಿ ಮುಂಗಾಜಿನ ಎಡಮೂಲೆಯನ್ನು ನೋಡಿದರು, ಅಲ್ಲಿ ಏನೂ ಇಲ್ಲ. ಬಾಗಿಲ ಚೌಕಟ್ಟನ್ನು ನೋಡಿದರು, ಅಲ್ಲಿಯೂ ಇಲ್ಲ. ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ಗೋಡೆಯ ತಗಡಿನಲ್ಲಿ ಕೊರೆದಿದ್ದ ಸಂಖ್ಯೆಯನ್ನು ನಾನೇ ಟಾರ್ಚ್ ಹಿಡಿದು ತೋರಿಸಿದೆ. ಅವರು ಬೆರಳಿನಿಂದ ಧೂಳೊರೆಸಿ, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿ, ‘ಸಿ’ ಬಂದಾಗ ತಲೆಯೆತ್ತಿ ನನ್ನನ್ನು ನೋಡಿ, ‘ಇದು ಜಿ ಅಲ್ಲವೇ’ ಎಂದು ಕೇಳಿದರು. ಆ ಭೇಟಿ ಹಾಗೆ ವ್ಯರ್ಥವಾಯಿತು. ಹೊಸ ಅನುವಾದ, ಅದಕ್ಕೊಂದು ನೋಟರಿ, ಕಸ್ಟಮ್ಸ್ ಕಾಗದದ ಇನ್ನೊಂದು ಪ್ರತಿ, ಸುರಕ್ಷತಾ ವಿನಾಯಿತಿಯ ಎಚ್‌ಎಸ್-7 ನಮೂನೆ ಇವೆಲ್ಲವನ್ನೂ ಹಿಡಿದು ಮತ್ತೆ ಎರಡು ಸಲ ಹೋದ ಮೇಲೆ ಸರಿಯಾದ ಪತ್ರ ಸಿಕ್ಕಿತು. ಕಾರಿನ ವಯಸ್ಸನ್ನು ತೋರಿಸುವುದೂ ಸುಲಭವಲ್ಲ, ಏಕೆಂದರೆ ರಫ್ತು ಪತ್ರದಲ್ಲಿರುವುದು ಹೇಸೇ ಶಕೆಯ ವರ್ಷ. ಹೇಸೇ 2 ಎಂದರೆ 1990 ಎಂಬುದನ್ನು ಪ್ರತಿ ಮೇಜಿನಲ್ಲೂ ಹೊಸದಾಗಿ ವಿವರಿಸಬೇಕಾಯಿತು.

ಕೆಂಪು ಮಿಯಾಟಾ ಬಂದದ್ದು ಈ ಐದು ತಿಂಗಳ ನಡುವೆ. ಹಸಿರು ಕಾರಿನ ಕಾಗದ ಸರಿಯಾಗುವವರೆಗೆ ಓಡಿಸಲಿಕ್ಕೆ ಒಂದು ಬೇಕಲ್ಲ ಎಂಬುದು ಮನೆಯಲ್ಲಿ ನಾನು ಹೇಳಿದ ನೆಪ. ಹೆಂಡತಿ ನಂಬಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಬ್ರಿಂಗ್ ಎ ಟ್ರೇಲರ್ 2007ರಲ್ಲಿ ಆರಂಭವಾಗಿ 2014ರಿಂದ ತಾನೇ ಹರಾಜು ನಡೆಸುತ್ತಿದೆ. ಮಾರುವವರೂ ಕೊಳ್ಳುವವರೂ ನೇರವಾಗಿ ವ್ಯವಹರಿಸಬೇಕು. ನಾನು ಕೊಂಡಾಗ ಕೊಂಡವರು ತಾಣಕ್ಕೆ ಶೇಕಡಾ 5ರಷ್ಟು, ಕನಿಷ್ಠ 250 ಡಾಲರ್ ಶುಲ್ಕ ಕೊಡಬೇಕಿತ್ತು. ಈ ತಾಣದ ನಿಜವಾದ ಹೆಚ್ಚುಗಾರಿಕೆಯಿರುವುದು ಎರಡು ಕಡೆ. ಒಂದು, ಹಿಂದೆ ಮಾರಾಟವಾದ ಕಾರುಗಳ ಬೆಲೆಯೆಲ್ಲ ಫೋಟೋಗಳ ಸಮೇತ ಯಾರು ಬೇಕಾದರೂ ನೋಡುವಂತೆ ಉಳಿದಿರುತ್ತದೆ. ಕೂಗುವ ಮೊದಲು ನಾನು 1.6 ಲೀಟರ್ ಎಂಜಿನ್ನಿನ, ಕೈಗೇರಿನ ಮಿಯಾಟಾಗಳನ್ನಷ್ಟೇ ಆರಿಸಿ, ಓಡಿದ ಮೈಲಿ, ಬಣ್ಣ, ಮೂಲ ಭಾಗಗಳು ಉಳಿದಿವೆಯೇ, ಬೇರ್ಪಡಿಸುವ ಗಟ್ಟಿ ಚಾವಣಿ ಜೊತೆಗಿದೆಯೇ ಎಂದು ಪಟ್ಟಿ ಮಾಡಿ, ತೀರಾ ಮೇಲಿನ ಮತ್ತು ತೀರಾ ಕೆಳಗಿನ ಬೆಲೆಗಳನ್ನು ಬಿಟ್ಟು, ಉಳಿದವುಗಳ ನಡುವೆ ನನ್ನ ಮಿತಿಯನ್ನು ಬರೆದಿಟ್ಟುಕೊಂಡೆ. ಜಪಾನಿನ ಹರಾಜಿನ ಹಳೆಯ ಬೆಲೆಗಳು ನನಗೆ ಕಾಣುತ್ತಿದ್ದುದು ಏಜೆಂಟರು ತೋರಿಸಿದಷ್ಟು ಮಾತ್ರ.

ಎರಡನೆಯದು ಪ್ರಶ್ನೆ ಕೇಳುವ ಅವಕಾಶ. ಈ ಕಾರಿನ ಮೊದಲ ವರ್ಷಗಳ ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ಮುಂದಿನ ಬೋಲ್ಟ್ ಸಡಿಲವಾದರೆ ಮೂತಿಗೆ ಸಿಕ್ಕಿಸಿದ ಪುಲ್ಲಿ ಅಲುಗಾಡಿ, ಅದನ್ನು ಹಿಡಿದಿರುವ ಕೀಲಿನ ತೋಡು ಸವೆದು, ಎಂಜಿನ್ನಿನ ತಾಳವೇ ತಪ್ಪುತ್ತದೆ. 1991ರಲ್ಲಿ ಮಜ್ದಾ ಮೂತಿಯನ್ನು ಉದ್ದ ಮಾಡಿತು. 1991ರ ಕಾರು ಎರಡರಲ್ಲಿ ಯಾವುದೂ ಆಗಿರಬಹುದು, ಆದರೆ ತಿಳಿಯುವುದು ಸುಲಭ: ಪುಲ್ಲಿಯಲ್ಲಿ ನಾಲ್ಕು ಸೀಳಿದ್ದರೆ ಗಿಡ್ಡ, ಎಂಟಿದ್ದರೆ ಉದ್ದ. ಹರಾಜಿನ ಪುಟದಲ್ಲಿ ಪುಲ್ಲಿಯ ಫೋಟೋ ಕೇಳಿದೆ. ಸಂಜೆಯೊಳಗೆ ಮಾರುವವರು ಹಾಕಿದರು. ಎಂಟು ಸೀಳು, ಪಕ್ಕದಲ್ಲಿ ಅವರ ಎಣ್ಣೆ ಮೆತ್ತಿದ ಹೆಬ್ಬೆರಳು. ಆ ಒಂದು ಫೋಟೋ ನನ್ನ ಮಿತಿಯನ್ನು 500 ಡಾಲರ್ ಮೇಲೇರಿಸಿತು. ಯೂನೋಸ್ 1990ರದಾದ್ದರಿಂದ ಗಿಡ್ಡ ಮೂತಿಯದೇ. ಜಪಾನಿನ ಹಾಳೆಯಲ್ಲಿ ಇಂಥ ವಿಷಯಕ್ಕೆ ಜಾಗವೇ ಇಲ್ಲ, ಕೇಳಲು ಮಾರುವವರೂ ಎದುರಿಗಿಲ್ಲ.

ಕೊನೆಯ ಎರಡು ನಿಮಿಷದೊಳಗೆ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹೋಗುವುದರಿಂದ ಕಡೇ ಕ್ಷಣದಲ್ಲಿ ಎಗರಿಸಿಕೊಂಡು ಹೋಗುವ ಆಟ ನಡೆಯುವುದಿಲ್ಲ. 8,500 ಡಾಲರಿಗೆ ನನಗಾಯಿತು. ಶುಲ್ಕವೂ ಸಾಗಣೆಯೂ ಸೇರಿ 9,800ರ ಹತ್ತಿರ. ಯೂನೋಸ್ ಹರಾಜಿನ 5,400 ಡಾಲರ್ ಹಡಗು, ಏಜೆಂಟರು, ಸುಂಕ, ಬಂದರಿನ ಖರ್ಚು ಸೇರಿ 9,300ಕ್ಕೆ ಮುಟ್ಟಿತ್ತು, ತುಕ್ಕಿನ ರಿಪೇರಿ ಬೇರೆ.

ಮಿಯಾಟಾದ ಬಗ್ಗೆ ದೂರಿಲ್ಲವೆಂದಲ್ಲ. ಫೋಟೋಗಳಲ್ಲೆಲ್ಲ ಚಾವಣಿ ಮಡಚಿಯೇ ಇತ್ತು. ಬಿಚ್ಚಿದಾಗ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿತ್ತು. ಕಾರ್ಸ್ ಆ್ಯಂಡ್ ಬಿಡ್ಸ್ ಎಂಬ ಇನ್ನೊಂದು ತಾಣವೂ ಚೆನ್ನಾಗಿದೆ, ಅಲ್ಲಿ ಎರಡು ಸಲ ಕೂಗಿ ಸೋತೆ. ಸ್ಥಳೀಯ ಜಾಹೀರಾತು ನೋಡಿ ಹೋದ ಮೂರೂ ಕಾರುಗಳನ್ನು ಮುಟ್ಟಲೂ ಮನಸ್ಸಾಗಲಿಲ್ಲ.

ಯೂನೋಸ್‌ನ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಬಲಗಡೆಯ ಸ್ಟಿಯರಿಂಗ್, ಎಡಗೈಯಲ್ಲಿ ಗೇರ್, ಬಲಗೈಯಲ್ಲಿ ಇಂಡಿಕೇಟರ್. ಅಪ್ಪನ ಮಾರುತಿ 800ರಲ್ಲಿ ಕಲಿತ ಕೈಗೆ ಅದರಲ್ಲಿ ಯೋಚನೆಯೇ ಬೇಕಿರಲಿಲ್ಲ. ಕಾರಿನಲ್ಲಿ ಕುಳಿತೇ ಕಾಫಿ ಕೊಳ್ಳುವ ಅಂಗಡಿಯ ಕಿಟಕಿಗೆ ಮಾತ್ರ ಪಕ್ಕದ ಸೀಟಿನ ಮೇಲೆ ಬಗ್ಗಿ ಕೈ ಚಾಚಬೇಕಿತ್ತು.

ನಾನು ವಾರಕ್ಕೆ ಮೂರು ದಿನ ಕಚೇರಿಗೆ ಮಿಯಾಟಾದಲ್ಲೇ ಹೋಗುವವನು, ಎಣ್ಣೆ ಬದಲಿಸುವುದರಾಚೆಗೆ ನನ್ನ ಕೈಗೆಲಸ ಸಾಗದು, ಈ ಹುಚ್ಚಿಗೆ ಎತ್ತಿಟ್ಟದ್ದು 10,000 ಡಾಲರ್. ಇಂಥವನಿಗೆ ಅಮೆರಿಕದ ಹರಾಜೇ ಸರಿ. ವಿ-ಸ್ಪೆಷಲ್‌ನಂತೆ ಅಮೆರಿಕದಲ್ಲಿ ಮಾರಾಟವೇ ಆಗದ ಮಾದರಿ ಬೇಕೆನ್ನುವವರು ಜಪಾನಿಗೆ ಹೋಗಲೇಬೇಕು. ಹಾಳೆಯ ಕೈಬರಹವನ್ನು ಏಜೆಂಟರಲ್ಲದ ಬೇರೊಬ್ಬರಿಂದ ಓದಿಸಿ, ಅನುವಾದದ ನಂಬರನ್ನು ಮೂಲದೊಂದಿಗೆ ಒಂದೊಂದೇ ಅಕ್ಷರ ಹೋಲಿಸಿದ ಮೇಲೆ ನೋಂದಣಿಗೆ ಕೊಡಿ. ಯೂನೋಸನ್ನು ಅದೇ ಬ್ರಿಂಗ್ ಎ ಟ್ರೇಲರ್‌ನಲ್ಲಿ ಮಾರಿದೆ. ಬೆಸುಗೆಯ ಬಿಲ್ಲು, ತಿದ್ದಿದ ಪತ್ರ, ಬಾನೆಟ್ಟಿನೊಳಗಿನ ನಂಬರಿನ ಫೋಟೋ ಎಲ್ಲವನ್ನೂ ಮೊದಲೇ ಹಾಕಿದ್ದೆ. 10,200 ಡಾಲರಿಗೆ ಹೋಯಿತು. ಹಾಕಿದ್ದರಲ್ಲಿ ಸುಮಾರು 1,700 ಡಾಲರ್ ಕೈಬಿಟ್ಟಿತು. ಟ್ರಕ್ಕಿನ ಬಾಡಿಗೆಯನ್ನು ಇದರಲ್ಲಿ ಸೇರಿಸಿಲ್ಲ.