ನೇತ್ರಾಣಿಯೋ, ಹ್ಯಾವ್‌ಲಾಕೋ? ಎರಡೂ ಕಡೆ ಮುಳುಗಿ ಬಂದ ಮೇಲೆ

ಹ್ಯಾವ್‌ಲಾಕ್‌ನಲ್ಲಿ ಕೊನೆಯ ಸ್ಕೂಬಾ ಡೈವ್ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು) ತಪ್ಪಿದ ಬೇಜಾರು ಇನ್ನೂ ಹೋಗಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನನಗೆ ಮುರ್ಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನಮ್ಮ ನೇತ್ರಾಣಿ ದ್ವೀಪವೇ ಇಷ್ಟ.

ಹ್ಯಾವ್‌ಲಾಕ್, ಅಂದರೆ ಅಂಡಮಾನಿನ ಈಗಿನ ಸ್ವರಾಜ್ ದ್ವೀಪ, ಚಂದ ಇಲ್ಲ ಅಂತಲ್ಲ. ಹವಳ ಅಲ್ಲಿ ಜಾಸ್ತಿ, ನಾನು ಇಳಿದ ದಿನಗಳಲ್ಲಿ ನೀರೂ ತಿಳಿಯಾಗಿತ್ತು. ಹೊಸಬರು ನೆಮೋ ರೀಫ್‌ನಲ್ಲಿ ದಡದಿಂದಲೇ ನಡೆದು ಇಳಿಯಬಹುದು.

ಎಡವಟ್ಟಾದದ್ದು ವಿಮಾನದ ಟಿಕೆಟಿನಿಂದ. ಪ್ಯಾಕೇಜ್ ಮಾಡಿಕೊಟ್ಟವರು ಕೊನೆಯ ದಿನ ಮಧ್ಯಾಹ್ನ ಎರಡಕ್ಕೆ ಡೈವ್, ಸಂಜೆ ಫೆರಿ, ಮರುದಿನ ಬೆಳಿಗ್ಗೆ ಏಳಕ್ಕೆ ಪೋರ್ಟ್ ಬ್ಲೇರ್‌ನಿಂದ ವಿಮಾನ ಅಂತ ಹಾಕಿದ್ದರು. ಟಿಕೆಟ್ ನೋಡಿದ ತರಬೇತುದಾರರು ನೀರಿಗೆ ಇಳಿಸಲೇ ಇಲ್ಲ. ಅವರು ಮಾಡಿದ್ದೇ ಸರಿ. ಆಳದಲ್ಲಿ ಒತ್ತಡ ಜಾಸ್ತಿ, ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿ ಉಳಿಯುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ಹಾರುವ ವಿಮಾನದ ಒಳಗೆ ಗಾಳಿಯ ಒತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಕಡಿಮೆ ಇರುತ್ತದೆ. ಬೇಗ ಹತ್ತಿದರೆ ನೈಟ್ರೋಜನ್ ಗುಳ್ಳೆಯಾಗಿ ಕೀಲು, ನರಗಳಿಗೆ ಪೆಟ್ಟು ಕೊಡಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ದಿನಾ ಮಾಡಿದ್ದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ನಾವು ನಾಲ್ಕು ದಿನ ಮಾಡಿದ್ದೆವು. ನಾನೂ ಹೆಂಡತಿಯೂ ಆ ಮಧ್ಯಾಹ್ನ ಸುಮ್ನೆ ದಡದಲ್ಲಿ ಕೂತೆವು. ದುಡ್ಡು ವಾಪಸ್ ಬರಲಿಲ್ಲ.

ನೇತ್ರಾಣಿಗೆ ವಿಮಾನದ ಗೊಡವೆಯೇ ಇಲ್ಲ. ಕಾರವಾರದಿಂದ ನಸುಕಿನಲ್ಲಿ ಹೊರಟರೆ ಮುರ್ಡೇಶ್ವರದಲ್ಲಿ ಬೋಟು ಸಿಗುತ್ತದೆ, ಸಂಜೆ ಮನೆಯಲ್ಲಿ ಊಟ. ಘಟ್ಟದ ಮೇಲಿನವರಿಗೆ ಮಾತ್ರ ಒಂದು ಮಾತು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲೂ ಗಾಳಿಯ ಒತ್ತಡ ಸ್ವಲ್ಪ ಕಡಿಮೆ. ಅಕ್ಕನ ಮನೆ ಅಲ್ಲೇ. ಆದರೂ ಡೈವ್ ಮಾಡಿದ ಸಂಜೆಯೇ ನಾನು ದೇವಿಮನೆ ಘಟ್ಟ ಹತ್ತುವುದಿಲ್ಲ. ರಾತ್ರಿ ಕುಮಟಾದಲ್ಲಿ ಉಳಿದು ಬೆಳಿಗ್ಗೆ ಹೋಗುತ್ತೇನೆ.

ನೇತ್ರಾಣಿಯಲ್ಲೂ ಕಷ್ಟ ಇದೆ. ಬೋಟಿನಲ್ಲಿ ಒಂದೂವರೆ ಗಂಟೆ ಅಲೆ ಕುಲುಕುತ್ತದೆ, ವಾಂತಿ ಮಾಡಿಕೊಳ್ಳುವವರು ಜಾಸ್ತಿ. ಮಳೆಗಾಲದಲ್ಲಿ ಬಂದ್. ನೀರು ಒಂದು ದಿನ ಗಾಜಿನ ಹಾಗೆ, ಇನ್ನೊಂದು ದಿನ ಮಸುಕು. ಆದರೆ ಕಾರವಾರದ ಮಾರುಕಟ್ಟೆಯಲ್ಲಿ ಬುಟ್ಟಿಯಲ್ಲಷ್ಟೇ ನೋಡಿದ್ದ ಗೋಬ್ರಾ ಮೀನು ಬಂಡೆಯ ಸಂದಿಯಿಂದ ನನ್ನನ್ನೇ ನೋಡಿತಲ್ಲ, ಆ ಖುಷಿ ನನಗೆ ಅಂಡಮಾನಿನಲ್ಲಿ ಸಿಕ್ಕಿರಲಿಲ್ಲ.

ಗೋವಾದ ಗ್ರಾಂಡ್ ಐಲ್ಯಾಂಡ್ ನಮಗೆ ಇನ್ನೂ ಹತ್ತಿರ. ನಾನು ಹೋದ ಎರಡು ಸಲವೂ ನೀರು ಮಸುಕಾಗಿತ್ತು, ಮತ್ತೆ ಹೋಗಿಲ್ಲ.

ಅಂಡಮಾನಿಗೆ ನಾವಿಬ್ಬರು ಹಾಕಿದ ದುಡ್ಡಿನಲ್ಲಿ ನೇತ್ರಾಣಿಗೆ ಐದಾರು ಸಲ ಹೋಗಿ ಬರಬಹುದು. ನನ್ನದು ತಿಂಗಳ ಸಂಬಳ, ರಜೆಯೂ ಕಡಿಮೆ. ಹವಳವನ್ನೇ ನೋಡಬೇಕು, ಕೈಯಲ್ಲಿ ವಾರ ಇದೆ ಅನ್ನುವವರು ಹ್ಯಾವ್‌ಲಾಕ್‌ಗೇ ಹೋಗಿ. ಕೊನೆಯ ಒಂದು ದಿನ ಮಾತ್ರ ಖಾಲಿ ಬಿಟ್ಟು ಟಿಕೆಟ್ ಮಾಡಿಸಿ. ಡಿಸೆಂಬರಿನಲ್ಲಿ ಅಕ್ಕನ ಮಗಳಿಗೆ ಮೊದಲ ಡೈವ್ ಮಾಡಿಸಬೇಕು. ನೇತ್ರಾಣಿಯಲ್ಲೇ.