ನ್ಯೂರಾಲಜಿ ಓದುವುದಾ, ನ್ಯೂರೋಸೈಕಾಲಜಿ ಓದುವುದಾ?

ತೀರ್ಥಹಳ್ಳಿಯ ನಮ್ಮ ದೊಡ್ಡಪ್ಪ ಸ್ಟ್ರೋಕ್ ಆದಮೇಲೆ ತಟ್ಟೆಯ ಬಲಗಡೆಯ ಕಡುಬನ್ನಷ್ಟೇ ತಿನ್ನುತ್ತಿದ್ದರು. ಎಡಗಡೆಯದು ಹಾಗೇ ಉಳಿಯುತ್ತಿತ್ತು. ಕಣ್ಣು ಸರಿಯಾಗೇ ಇತ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿ, ಎಡಕ್ಕೆ ಗಮನವೇ ಹೋಗುತ್ತಿರಲಿಲ್ಲ.

ಸ್ಕ್ಯಾನ್ ನೋಡಿ ಔಷಧಿ ಕೊಡುವವರು ನ್ಯೂರಾಲಜಿಸ್ಟ್. ಗಡಿಯಾರದ ಚಿತ್ರ ಬರೆಸಿ, ಏನು ಹೋಗಿದೆ, ಏನು ಉಳಿದಿದೆ ಅಂತ ಅಳೆದು, ಎಡಕ್ಕೆ ನೋಡುವ ಅಭ್ಯಾಸ ಮಾಡಿಸುವವರು ನ್ಯೂರೋಸೈಕಾಲಜಿಸ್ಟ್.

ಮೊದಲನೆಯದು ದೂರದ ದಾರಿ: ನೀಟ್, ಎಂಬಿಬಿಎಸ್ 5½ ವರ್ಷ, ಎಂಡಿ 3, ಆಮೇಲೆ ನ್ಯೂರಾಲಜಿಯಲ್ಲೇ ಡಿಎಂ 3 ವರ್ಷ. ಎಂಬಿಬಿಎಸ್ ಶಿವಮೊಗ್ಗದಲ್ಲೇ ಓದಬಹುದು. ಎರಡನೆಯದಕ್ಕೆ ಸೈಕಾಲಜಿ ಪದವಿ, ಸ್ನಾತಕೋತ್ತರ, ಜೊತೆಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಮಾನ್ಯತೆಯ ಕ್ಲಿನಿಕಲ್ ತರಬೇತಿ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹೆಸರುವಾಸಿ, ಪೈಪೋಟಿಯೂ ಜಾಸ್ತಿ. ಮಾನ್ಯತೆ ನೋಡದೆ ಸುಮ್ನೆ ಎಲ್ಲೋ ಸೇರಬೇಡಿ. ರೋಗಿಯ ಪಕ್ಕ ಗಂಟೆಗಟ್ಟಲೆ ಕೂರುವ ತಾಳ್ಮೆ ಇದ್ದರೆ, ನಾನಂತೂ ಎರಡನೆಯದನ್ನೇ ಹೇಳುತ್ತೇನೆ.