ಸೇಫ್ಟಿ ಏರ್ ಗನ್: ವರ್ಷಗಟ್ಟಲೆ ಬಳಸಿದ ಮೇಲೆ ಬರೆದ ವಿಮರ್ಶೆ

ಪೀಣ್ಯದ ನಮ್ಮ ಮೆಷಿನ್ ಶಾಪ್‌ನಲ್ಲಿ ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ಚಾಲಿತ ಮೆಷಿನ್), ಲೇತ್, ಡ್ರಿಲ್ಲಿಂಗ್ ಎಲ್ಲದರ ಪಕ್ಕದಲ್ಲೂ ಒಂದೊಂದು ಏರ್ ಗನ್, ಅಂದರೆ ಒತ್ತಡದ ಗಾಳಿ ಬಿಟ್ಟು ಲೋಹದ ಚೂರು, ಧೂಳು ಹಾರಿಸುವ ಸಾಧನ, ನೇತಾಡುತ್ತದೆ. ಹಳೆಯವನ್ನೆಲ್ಲ ತೆಗೆದು ಸೇಫ್ಟಿ ನಾಝಲ್ ಇರುವ ಗನ್ ಹಾಕಿ ವರ್ಷಗಳೇ ಆದವು. ಕೊಳ್ಳಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳುತ್ತೇನೆ: ಖಂಡಿತ ಕೊಳ್ಳಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಹಲವು ಕಂಪನಿಗಳು ಇದೇ ಬಗೆಯದನ್ನು ಮಾಡುತ್ತವೆ, ಹಾಗಾಗಿ ಬ್ರ್ಯಾಂಡ್ ಬಿಟ್ಟು ವಸ್ತುವಿನ ಬಗ್ಗೆಯೇ ಬರೆಯುತ್ತಿದ್ದೇನೆ.

ವ್ಯತ್ಯಾಸವೆಲ್ಲ ಇರುವುದು ತುದಿಯಲ್ಲಿ. ನಾಝಲ್‌ನ ಪಕ್ಕಕ್ಕೆ ಸಣ್ಣ ತೂತುಗಳಿವೆ. ಬಾಯಿ ಎಲ್ಲಾದರೂ ಒತ್ತಿಕೊಂಡು ಮುಚ್ಚಿಹೋದರೆ ಗಾಳಿ ಆ ತೂತುಗಳಿಂದ ಹೊರಗೆ ಹೋಗುತ್ತದೆ, ತುದಿಯಲ್ಲಿ ಒತ್ತಡ ಏರುವುದಿಲ್ಲ. ನಮ್ಮ ಗಾಳಿ ಲೈನ್‌ನಲ್ಲಿರುವ ಒತ್ತಡ 7 ಬಾರ್, ಅಂದರೆ ಸುಮಾರು 100 ಪಿಎಸ್‌ಐ (ಎರಡೂ ಒತ್ತಡದ ಅಳತೆಗಳೇ). ಸ್ವಚ್ಛ ಮಾಡಲು ಬಳಸುವ ಗಾಳಿ 30 ಪಿಎಸ್‌ಐಗಿಂತ, ಅಂದರೆ ಸುಮಾರು 2 ಬಾರ್‌ಗಿಂತ ಕಡಿಮೆ ಇರಬೇಕು ಎಂಬುದು ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಷಾದ ನಿಯಮ. ತುದಿ ಮುಚ್ಚಿದಾಗಲೂ ಅದು ಮೀರಬಾರದು. ಒಳ್ಳೆಯ ಸೇಫ್ಟಿ ಗನ್ ಇದನ್ನು ಪಾಲಿಸುತ್ತದೆ.

ಇದಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು, ಅದರ ಮೂಲಕ ಗಾಳಿ ಚರ್ಮದಡಿ ನುಗ್ಗಬಹುದು. ರಕ್ತನಾಳಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು. 2024ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ, ಬೈಕ್ ಸರ್ವಿಸ್ ಮಾಡುವಲ್ಲಿ, ಗೆಳೆಯನೇ ತಮಾಷೆಗೆಂದು ಗುದದ್ವಾರಕ್ಕೆ ಗಾಳಿ ಬಿಟ್ಟು ಯುವಕನೊಬ್ಬ ಸತ್ತ. ಕರುಳು ಆ ಒತ್ತಡ ತಡೆಯುವುದಿಲ್ಲ, ಕ್ಷಣದಲ್ಲೇ ಹರಿಯುತ್ತದೆ. ಹೊಸದಾಗಿ ಸೇರುವ ಪ್ರತಿ ಹುಡುಗನಿಗೂ ಈ ಸುದ್ದಿಯನ್ನು ಕೂರಿಸಿಕೊಂಡು ಹೇಳುತ್ತೇನೆ. ಗನ್ ಹಿಡಿದು ಯಾರ ಮೈ ಕಡೆಗಾದರೂ ತಿರುಗಿಸಿದರೆ ಅವತ್ತೇ ಕೆಲಸದಿಂದ ಹೊರಗೆ.

ನಾನು ನಿರೀಕ್ಷಿಸದೇ ಸಿಕ್ಕ ಲಾಭ ಸದ್ದಿನದು. ಹಳೆಯ ಪೈಪ್ ತುದಿಯ ಕಿರುಚಾಟ ಹೋಗಿ ಈಗ ಬರೀ ಬುಸ್ ಎನ್ನುತ್ತದೆ. ಎದುರಿನ ಮೆಷಿನ್‌ನವನು ಕೂಗಿದ್ದು ಕೇಳಿಸುತ್ತದೆ.

ಇನ್ನು ಕೊರತೆಗಳು. ಎಂ6 ಟ್ಯಾಪ್ ಹೊಡೆದ (6 ಮಿ.ಮೀ. ಸ್ಕ್ರೂಗೆ ಮರೆ ಕೊರೆದ) ಬ್ಲೈಂಡ್ ಹೋಲ್‌ನ, ಅಂದರೆ ಆಚೆ ಬದಿಗೆ ತೆರೆಯದ ತೂತಿನ, ತಳದಲ್ಲಿ ಎಣ್ಣೆ ಮೆತ್ತಿದ ಚಿಪ್ಸ್ (ಲೋಹದ ಚೂರುಗಳು) ಈ ಗಾಳಿಗೆ ಸುಲಭಕ್ಕೆ ಬರುವುದಿಲ್ಲ. "ಫೋರ್ಸ್ ಸಾಲಲ್ಲ ಸಾರ್" ಎಂದು ಆಪರೇಟರ್‌ಗಳು ಪಕ್ಕದ ತೂತುಗಳಿಗೆ ಟೇಪ್ ಸುತ್ತುತ್ತಾರೆ. ಟೇಪ್ ಸುತ್ತಿದ ಗನ್ ಹಳೆಯ ಗನ್ನೇ. ಅವರ ಕಷ್ಟವೂ ಸುಳ್ಳಲ್ಲ, ಮಾಡಿ ಮುಗಿಸಬೇಕಾದ ಪೀಸ್‌ಗಳ ಲೆಕ್ಕ ಇದ್ದೇ ಇರುತ್ತದೆ. ಅದಕ್ಕೆ ಬೈಯುವ ಬದಲು ಬ್ಲೈಂಡ್ ಹೋಲ್ ಕೆಲಸಕ್ಕೆ ಚೂರುಗಳನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಕೊಟ್ಟೆವು. ತೂತಿನೊಳಕ್ಕೆ ಗಾಳಿ ಬಿಟ್ಟರೆ ಚಿಪ್ಸ್ ನೇರ ಮುಖಕ್ಕೇ ವಾಪಸ್ ಬರುತ್ತವೆ, ಅದನ್ನು ಯಾವ ಸೇಫ್ಟಿ ನಾಝಲ್ಲೂ ತಪ್ಪಿಸಲಾರದು. 2 ಬಾರ್ ಗಾಳಿಗೂ ಕಣ್ಣಿಗೆ ಚೂರು ಹಾರಿಸುವಷ್ಟು ಬಲವಿದೆ. ಪಕ್ಕ ಮುಚ್ಚಿದ ಕನ್ನಡಕ ಕಡ್ಡಾಯ, ಪಕ್ಕದ ಮೆಷಿನ್‌ನವನಿಗೂ ಸೇರಿಸಿ.

ಶಿಫ್ಟ್ ಮುಗಿಯುವಾಗ ಅಂಗಿ, ತಲೆಯ ಮೇಲೆ ಗಾಳಿ ಹೊಡೆದುಕೊಂಡು ಮನೆಗೆ ಹೊರಡುವ ಅಭ್ಯಾಸವಂತೂ ಗನ್ ಬದಲಿಸಿದ್ದರಿಂದ ಹೋಗಲಿಲ್ಲ. "ಸೇಫ್ಟಿದಲ್ವಾ ಸಾರ್, ಏನಾಗಲ್ಲ" ಎಂಬ ಹೊಸ ಧೈರ್ಯವೇ ಬಂತು. ಗೇಟ್ ಹತ್ತಿರ ಬ್ರಷ್ ಮತ್ತು ವ್ಯಾಕ್ಯೂಮ್ ಇಟ್ಟ ಮೇಲೆ ನಿಧಾನಕ್ಕೆ ಕಡಿಮೆಯಾಯಿತು.

ನಿರ್ವಹಣೆ ಸುಲಭ. ಕೂಲೆಂಟ್ (ಮೆಷಿನ್‌ನಲ್ಲಿ ಕೊರೆಯುವಾಗ ತಂಪಿಗೆ ಸುರಿಯುವ ದ್ರವ) ಮತ್ತು ಧೂಳು ಸೇರಿ ಪಕ್ಕದ ತೂತುಗಳು ಕಟ್ಟಿಕೊಳ್ಳುತ್ತವೆ, ವಾರಕ್ಕೊಮ್ಮೆ ಏರ್ ಬಂದ್ ಮಾಡಿ, ಒತ್ತಡ ಬಿಟ್ಟು, ತೊಳೆಯಬೇಕು. ಹೋಸ್ ಕ್ಲಾಂಪ್ ಸಡಿಲವಾಗಿದೆಯೇ ಎಂದೂ ಅದೇ ಹೊತ್ತಿಗೆ ನೋಡುತ್ತೇವೆ. ಕಿತ್ತುಬಂದ ಹೋಸ್ ಎತ್ತ ಬಡಿಯುತ್ತದೆಂದು ಹೇಳಲಾಗದು.

ಅಂಗಡಿಯವರು ಸೇಫ್ಟಿ ಇದೆಯೆಂದು ನಾಝಲ್ ತುದಿಗೆ ಅಂಗೈ ಒತ್ತಿ ತೋರಿಸಿದರೆ ಒಪ್ಪಬೇಡಿ, ನೀವೂ ಹಾಗೆ ನೋಡಬೇಡಿ. ನಾಝಲ್ ತುದಿಯನ್ನು ಪ್ರೆಷರ್ ಗೇಜ್‌ನ ಬಾಯಿಗೆ ಬಿಗಿಯಾಗಿ ಒತ್ತಿಸಿ, ಮುಳ್ಳು 2 ಬಾರ್ ದಾಟಿದರೆ ವಾಪಸ್ ಕೊಡಿ. ಬೆಲೆ ಮಾಮೂಲಿ ಗನ್‌ಗಿಂತ ಹಲವು ಪಟ್ಟು ಹೆಚ್ಚು, ಆ ದುಡ್ಡಿಗೆ ನನಗೆ ಬೇಸರವಿಲ್ಲ. ರಬ್ಬರ್ ತುದಿ ಬೇಗ ಸವೆಯುತ್ತದೆ, ಕೊಳ್ಳುವಾಗಲೇ ಒಂದೆರಡು ಹೆಚ್ಚಿಗೆ ತೆಗೆದುಕೊಳ್ಳಿ.